ತಗಡು ಬ್ಯಾಂಡಿನ ಎರಡನೇ ಆಲ್ಬಮ್ಮಿಗಾಗಿ ಮೂರು ತಾಲೂಕು

ಕಲಬುರಗಿಯಿಂದ ಆಳಂದಕ್ಕೆ ನಲವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಆದರೆ ಕಬ್ಬು ನುರಿಸುವ ಕಾಲದಲ್ಲಿ ಈ ದಾರಿ ಹಿಡಿಯುವವರು ಕಿಲೋಮೀಟರಿನ ಲೆಕ್ಕ ನಂಬಬಾರದು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ರಸ್ತೆಯ ನಡುವೆಯೇ ತೆವಳುತ್ತವೆ. ಹಿಂದಿನ ಬಸ್ಸಿನ ಹಾರ್ನು ಅವರಿಗೆ ಕೇಳಿಸುವುದೇ ಇಲ್ಲ. ಜನವರಿಯ ಆ ಬೆಳಿಗ್ಗೆಯೂ ಹಾಗೇ ಆಯಿತು. ನನ್ನ ತೊಡೆಯ ಮೇಲೆ ರೆಕಾರ್ಡಿಂಗ್ ಯಂತ್ರದ ಚೀಲ, ಕಾಲ ಬಳಿ ಮೈಕುಗಳ ಪೆಟ್ಟಿಗೆ. ಕಂಡಕ್ಟರ್ ಪೆಟ್ಟಿಗೆಗೆ ಲಗೇಜ್ ಟಿಕೆಟ್ ಕೇಳಿದ. ಅದನ್ನು ಸೀಟಿನ ಕೆಳಗೆ ತಳ್ಳಿ, "ಈಗ ಎಲ್ಲದರಿ ಲಗೇಜು?" ಎಂದೆ. ನಕ್ಕು ಮುಂದೆ ಹೋದ. ಪೆಟ್ಟಿಗೆ ಕೊಳ್ಳುವವರಿಗೆ ನನ್ನ ಸಲಹೆ: ಬಸ್ಸಿನ ಸೀಟಿನ ಕೆಳಗೆ ಹಿಡಿಸುವ ಅಳತೆಯದನ್ನೇ ಕೊಳ್ಳಿ.

ಕಲಬುರಗಿಯಲ್ಲಿ ನನ್ನದು ಸೌಂಡ್ ಸಿಸ್ಟಮ್ ಅಂಗಡಿ. ಟೇಪ್ ರೆಕಾರ್ಡರ್ ರಿಪೇರಿಯಿಂದ ಶುರು ಮಾಡಿ, ಸೈಕಲ್ ಮೇಲೆ ಭೋಂಗಾ ಸ್ಪೀಕರು ಹೊತ್ತು, ಮದುವೆ ಸಭೆ ಜಯಂತಿಗಳಿಗೆ ಮೈಕು ಕೊಡುತ್ತ ಬೆಳೆದವನು ನಾನು. ಪಂಕ್ ರಾಕ್ ಎಂಬ ಸಂಗೀತವಿದೆ ಎಂದು ತಿಳಿದದ್ದು ಈ ಕೆಲಸ ಬಂದ ಮೇಲೆಯೇ. ಗಿಟಾರಿನಲ್ಲಿ ಮೂರೇ ಮೂರು ಬೆರಳಿನ ಪಟ್ಟು, ಎರಡು ನಿಮಿಷದ ಹಾಡು, ಸಿಟ್ಟು ಬಂದದ್ದನ್ನು ಸಿಟ್ಟಿನಿಂದಲೇ ಕೂಗುವುದು, ನಯನಾಜೂಕು ಏನೂ ಇಲ್ಲ. ಇದನ್ನು ನಮ್ಮ ಕಡೆಯ ಮೂವರು ಹುಡುಗರು ಕಾಲೇಜಿನ ಕಾಲದಲ್ಲೇ ನುಡಿಸುತ್ತಿದ್ದರಂತೆ. ಬ್ಯಾಂಡಿನ ಹೆಸರು 'ತಗಡು'. ಭೂಸನೂರಿನ ಒಂದು ತಗಡಿನ ಶೆಡ್ಡಿನಲ್ಲಿ ಕೂತು ಒಂದು ಕ್ಯಾಸೆಟ್ ಮಾಡಿದ್ದರು. ಆಮೇಲೆ ನೌಕರಿ, ಸಂಸಾರ ಎಂದು ಚದುರಿದರು. ಈಚೆಗೆ ಯಾರೋ ಆ ಕ್ಯಾಸೆಟ್ಟನ್ನು ಮೊಬೈಲಿಗೆ ಇಳಿಸಿ ಹಂಚಿದರು. ಇಷ್ಟು ವೇಗವಾಗಿ ನುಡಿಸುವವರು ಈ ದೇಶದಲ್ಲೇ ಇರಲಿಲ್ಲ ಎಂದು ದೂರದೂರದ ಹುಡುಗರು ಹೊಗಳಿದರು. ಆ ಹೊಗಳಿಕೆಯೇ ಅರವತ್ತರ ಆಸುಪಾಸಿನ ಮೂವರನ್ನು ಎಬ್ಬಿಸಿತ್ತು. ಎರಡನೇ ಆಲ್ಬಮ್ಮಿಗೆ ಅರ್ಧ ಹಳೆಯ ಹಾಡು, ಅರ್ಧ ಹೊಸತು. ರೆಕಾರ್ಡಿಂಗ್ ನನ್ನದು.

ಆಳಂದದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಗಿಟಾರ್ ನುಡಿಸುವ ಸಿದ್ಧಾರ್ಥನ ಮೋಟಾರ್ ವೈಂಡಿಂಗ್ ಅಂಗಡಿ. ಗೋಡೆಗೆ ಬುದ್ಧನ ಫೋಟೊ, ಅದರ ಕೆಳಗೆ ತಾಮ್ರದ ತಂತಿಯ ಸುರುಳಿಗಳು, ಅವುಗಳ ನಡುವೆ ಗಿಟಾರು. ಬಾಡಿಗೆಯ ಮಾತು ಮೊದಲೇ ಆಗಬೇಕೆಂಬುದು ನನ್ನ ನಿಯಮ. ಮೂರು ದಿನದ್ದು ಕೇಳಿದೆ.

"ಸೇಠ್ರ, ಒಂದು ದಿನಾ ಬರೇ ಬಸ್ಸಿನ್ಯಾಗ ಹೋಗ್ತದ. ಅದಕ್ಯಾಕ್ರಿ ಬಾಡಗಿ? ಎರಡು ದಿನದ್ದು ಕೊಡ್ತೇನಿ, ಊಟಾ ನಂದು."

ಇವನು ನನ್ನ ಜಾತಿಯ ವ್ಯಾಪಾರಿಯೇ ಎಂದು ಖುಷಿಯಾಗಿ ಒಪ್ಪಿದೆ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬಂತು. ಲಾಭ ನನಗೇ ಆಯಿತು.

ಊಟದ ಮೇಲೆ ಅವನು ಮೊಬೈಲಿನಲ್ಲಿ ಹಳೆಯ ಕ್ಯಾಸೆಟ್ ಹಚ್ಚಿ, ಅದರ ಶ್ರುತಿಗೆ ಗಿಟಾರಿನ ಕಿವಿ ತಿರುವತೊಡಗಿದ. ಎರಡನೇ ಹಾಡಿಗೆ ಮೊದಲನೇ ತಂತಿ ಟಪ್ಪೆಂದು ಕಡಿಯಿತು. ಇನ್ನೊಂದು ಹಾಕಿದ. ಅದೂ ಕಡಿಯಿತು.

"ಎಷ್ಟು ಎಳೀಬೇಕ್ರಿ ಇದನ್ನ?" ಎಂದೆ.

"ಕ್ಯಾಸೆಟ್ಟಿನ ಶ್ರುತಿ ಅಷ್ಟು ಮ್ಯಾಲದ. ಆಗಿನ ತಂತಿ ಖರೇ ತಂತಿ ಇದ್ದವ್ರಿ. ಈಗಿನವು ಬರೇ ನಕಲಿ" ಎಂದ. ಪಕ್ಕದಲ್ಲಿ ಕಡಿದ ತಂತಿಗಳ ಒಂದು ಗುಡ್ಡೆಯೇ ಇತ್ತು. ಅಷ್ಟು ಕಂಪನಿಗಳ ತಂತಿಯೂ ನಕಲಿ ಇರಬಹುದೇ ಎಂದು ನನಗೆ ಅನುಮಾನ ಬಂತು. ಆದರೆ ಗಿರಾಕಿಯ ಜೊತೆ ಮೊದಲ ದಿನವೇ ವಾದ ಮಾಡಬಾರದು.

ಮರುದಿನ ಇಬ್ಬರೂ ಅಫಜಲಪುರದ ಬಸ್ಸು ಹತ್ತಿದೆವು. ಥಂಡಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯ ಗಾಜು ಸೇರದೆ ಗಾಳಿ ನೇರ ಕಿವಿಗೆ ಹೊಡೆಯುತ್ತಿತ್ತು. ಕೊಯ್ದ ತೊಗರಿಯ ಹೊಲಗಳಲ್ಲಿ ಕಟ್ಟಿಗೆಯ ರಾಶಿಗಳು, ಉಳಿದೆಡೆ ಹಾಲು ತುಂಬಿದ ಬಿಳಿ ಜೋಳ. ಅಫಜಲಪುರದ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ, ಚುರುಮುರಿಯ ಸುಸಲಾ ತಿಂದೆವು. ಅಲ್ಲಿ ಭಜಿ ತಿನ್ನುವವರು ತಟ್ಟೆಯಲ್ಲಿಟ್ಟಿದ್ದನ್ನು ತೆಗೆದುಕೊಳ್ಳದೆ ಬಾಣಲೆಯ ಮುಂದೆ ನಿಂತೇ ಕೇಳಬೇಕು, ಬಿಸಿ ಸಿಗುತ್ತದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅತನೂರು.

ಡ್ರಮ್ ಬಾರಿಸುವ ಶರಣಪ್ಪನದು ಊರಿನಲ್ಲಿ ದೊಡ್ಡ ಒಕ್ಕಲುತನ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕಾಲಲ್ಲಿ ಓಡುವವರ ಬೂಟು. ಹೊಲದ ದನದ ಕೊಟ್ಟಿಗೆಯಲ್ಲಿ ಡ್ರಮ್ಮುಗಳನ್ನು ಹೂಡಿದ್ದ.

"ನಿನ್ನ ಎಮ್ಮಿ ಏನಂತಾವಲೇ?" ಸಿದ್ಧಾರ್ಥ ಕೆಣಕಿದ.

"ಹಾಲು ಕಡಿಮಿ ಮಾಡ್ಯಾವ, ತಾಳ ಕಲ್ತಾವ. ನಿನಗಿಂತ ಬೇಸಿ" ಎಂದ ಶರಣಪ್ಪ.

ಶುರುವಿನಲ್ಲಿ ಕ್ಯಾಸೆಟ್ಟಿನ ವೇಗಕ್ಕೆ ಅವನ ಕೈ ಬರುತ್ತಿರಲಿಲ್ಲವಂತೆ. ವಯಸ್ಸಾಯಿತು ಎಂದುಕೊಂಡು, ಬೆಳಿಗ್ಗೆ ಓಡಿ, ಮೊಣಕಾಲಿಗೆ ಎಣ್ಣೆ ತಿಕ್ಕಿಸಿ, ಒಂದು ವರ್ಷ ಸಾಧನೆ ಮಾಡಿದ್ದ. ಈಗ ಕೂತು ಬಾರಿಸಿದ. ಕೋಲುಗಳು ಕಾಣಿಸಲೇ ಇಲ್ಲ, ಗಾಳಿಯಲ್ಲಿ ಒಂದು ಮಬ್ಬು ಮಾತ್ರ. ನನ್ನ ಯಂತ್ರದ ಸದ್ದಳೆಯುವ ಮುಳ್ಳು ಬಲಕ್ಕೆ ಬಡಿದು ಅಲ್ಲೇ ನಿಂತಿತು. ಅಷ್ಟು ಶಕ್ತಿ ಇಷ್ಟು ವಯಸ್ಸಿಗೆ! ಬೆವರು ಒರೆಸಿಕೊಳ್ಳುತ್ತ ಅವನು, "ಹರೇದಾಗ ಹೆಂಗ ಬಾರಿಸ್ತಿದ್ದೆ, ಬರೋಬ್ಬರಿ ಹಂಗ ಬಂದದ ನೋಡ್ರಿ" ಎಂದಾಗ ನನಗೂ ಹೆಮ್ಮೆಯಾಯಿತು.

ಮೂರನೆಯ ದಿನ ಅವನದೇ ಟೆಂಪೋದಲ್ಲಿ ಡ್ರಮ್ಮುಗಳ ಸಮೇತ ಹೊರಟೆವು. ಬಾಡಿಗೆ ಉಳಿಯಿತು, ಸೊಂಟ ಉಳಿಯಲಿಲ್ಲ. ಭೀಮೆಯ ಸೇತುವೆ ದಾಟಿ, ಜೇವರ್ಗಿಯಲ್ಲಿ ಚಹಾ ಕುಡಿದು, ನೆಲೋಗಿ ಮುಟ್ಟಿದಾಗ ಬಿಸಿಲೇರಿತ್ತು. ಹಾಡುವವನು ಲಕ್ಷ್ಮಣ, ನಿವೃತ್ತ ಬಸ್ ಕಂಡಕ್ಟರ್. ಅವನ ಹೆಂಡತಿ ಕಮಲಾಬಾಯಿ ಬಾಗಿಲಲ್ಲೇ ನಮ್ಮನ್ನು ತಡೆದಳು.

"ಬರ್ರಿ, ಊಟ ಮಾಡ್ರಿ, ಮಾತಾಡ್ರಿ. ಹಾಡಿನ ಸುದ್ದಿ ತೆಗೀಬ್ಯಾಡ್ರಿ. ತಿಂಗಳಾತು, ಹಿತ್ತಲದಾಗ ನಿಂತು ಒದರಿ ಒದರಿ ಗಂಟಲಾ ಕೆಡಿಸ್ಕೊಂಡು ಅಳೂದೊಂದ ಬಾಕಿ."

ಒಳಗಿನಿಂದ ಲಕ್ಷ್ಮಣನೇ ಬಂದ. "ಬ್ಯಾಡ್ರೋ. ಆ ದನಿ ನನ್ನಲ್ಲಿಲ್ಲ. ಬಸ್ಸಿನ್ಯಾಗ ಊರ ಹೆಸರು ಒದರಿ ಒದರಿ ಖಲಾಸ್ ಆಗೇದ. ಬ್ಯಾರೆಯವನ್ನ ನೋಡ್ಕೋರಿ."

"ನೀ ಇಲ್ದ ತಗಡು ಆಗ್ತದೇನಲೇ?" ಎಂದ ಸಿದ್ಧಾರ್ಥ. ಲಕ್ಷ್ಮಣ ಹಾಡದಿದ್ದರೆ ಆಲ್ಬಮ್ ಇಲ್ಲ. ಮೂವರಿಗೂ ಅದು ಗೊತ್ತಿತ್ತು.

ಒಂದು ಸಲ ಎಂದು ಗೋಗರೆದು ಪಡಸಾಲೆಯಲ್ಲಿ ಎಲ್ಲ ಹೂಡಿದೆವು. ಶರಣಪ್ಪ ಕ್ಯಾಸೆಟ್ಟಿನ ವೇಗದಲ್ಲೇ ಬಾಣದಂತೆ ಬಾರಿಸತೊಡಗಿದ. ಲಕ್ಷ್ಮಣ ಕತ್ತಿನ ನರ ಉಬ್ಬಿಸಿ ಕೂಗಿದ, ಅರ್ಧಕ್ಕೆ ದನಿ ಒಡೆಯಿತು, ಮೈಕನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿ ಕೂತ. ಏನಾದರೂ ಮಾಡಬೇಕಲ್ಲ ಎಂದು ನಾನು ಹಳೆಯ ಕ್ಯಾಸೆಟ್ಟಿನ ಹಾಡನ್ನು ಸ್ಪೀಕರಿಗೆ ಕೊಟ್ಟೆ. ಹಾಡಿಗೆ ಮುಂಚೆ ಅದರಲ್ಲಿ ಒಂದು ಮಾತಿದೆ: "ಶುರು ಮಾಡ್ರೋ, ಕರೆಂಟ್ ಬರೂದಿಲ್ಲ ಇನ್ನ."

"ಈ ಸಾಲಿ ಹುಡುಗ ಯಾರ್ರೀ?" ಎಂದಳು ಕಮಲಾಬಾಯಿ.

"ನಾನ ಅದು" ಎಂದ ಲಕ್ಷ್ಮಣ, ಗೋಡೆಗೇ.

"ಸುಳ್ಳ! ಅದೇ ವರ್ಷ ನಮ್ಮ ಲಗ್ನ ಆಗೇದ. ನಿಮ್ಮ ದನಿ ಹಿಂಗ ಇರ್ಲೇ ಇಲ್ಲ."

ಲಕ್ಷ್ಮಣ ತನ್ನ ಅಪ್ಪನಿಗೆ ಹೆದರಿ ಆ ಕ್ಯಾಸೆಟ್ಟನ್ನು ಮನೆಯಲ್ಲಿ ಎಂದೂ ಹಚ್ಚಿರಲಿಲ್ಲವಂತೆ; ಈಗಲೂ ಕಿವಿಗೆ ವಯರು ಸಿಕ್ಕಿಸಿಕೊಂಡೇ ಕೇಳುತ್ತಿದ್ದ. ಅವಳು ಕೇಳುತ್ತಿದ್ದದ್ದು ಇದೇ ಮೊದಲು. ನನ್ನ ತಲೆಯಲ್ಲಿ ಕಡಿದ ತಂತಿ, ಮಬ್ಬಾದ ಕೋಲು, ಒಡೆದ ದನಿ ಮೂರೂ ಒಂದಾದವು.

"ಕರೆಂಟ್ ಇರ್ಲಿಲ್ಲಂದ್ರ ಟೇಪ್ ಹೆಂಗ ನಡೀತ್ರಿ?" ಎಂದು ಕೇಳಿದೆ.

"ಸೆಲ್ ಹಾಕಿದ್ವಿ" ಎಂದ ಶರಣಪ್ಪ. "ರಾತ್ರಿ ಕಬ್ಬಿಗೆ ನೀರು ಬಿಡೋರ ಕೈ ಬ್ಯಾಟ್ರೀದು."

"ಹೊಸಾವೇನು?"

"ಎಲ್ಲೀ ಹೊಸಾವ್ರಿ! ಬೆಳಕ ಕೆಂಪ ಆಗಿತ್ತಂತ ನಮಗ ಕೊಟ್ಟಿದ್ರು."

ಟೇಪ್ ರೆಕಾರ್ಡರ್ ಬಿಚ್ಚಿ ಹೊಟ್ಟೆ ಹೊರೆದವನಿಗೆ ಇಷ್ಟು ಸಾಕು. ಸೆಲ್ ಸೋತಿದ್ದರೆ ಹಾಡು ತುಂಬಿಕೊಳ್ಳುವಾಗ ಟೇಪು ನಿಧಾನ ಓಡುತ್ತದೆ. ಅದನ್ನೇ ಆಮೇಲೆ ಪೂರ್ತಿ ಕರೆಂಟಿನಲ್ಲಿ ಹಚ್ಚಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ, ಗಂಡಸಿನ ದನಿ ಹುಡುಗನದಾಗುತ್ತದೆ. ಇವರು ಆ ವೇಗದಲ್ಲಿ ಎಂದೂ ನುಡಿಸಿರಲೇ ಇಲ್ಲ. ಒಬ್ಬ ತಂತಿಯನ್ನು ಬೈದ, ಒಬ್ಬ ಮೊಣಕಾಲನ್ನು, ಒಬ್ಬ ಗಂಟಲನ್ನು. ಕ್ಯಾಸೆಟ್ಟನ್ನು ಯಾರೂ ಬೈಯಲಿಲ್ಲ.

ನನ್ನ ಯಂತ್ರದಲ್ಲಿ ವೇಗ ಇಳಿಸುವ ಗುಂಡಿಯಿದೆ. ಆ ಮಾತನ್ನೇ ಮತ್ತೆ ಮತ್ತೆ ಹಚ್ಚಿ, ಸ್ವಲ್ಪಸ್ವಲ್ಪವೇ ಇಳಿಸಿದೆ. "ಇನ್ನ ಜರಾ... ಇನ್ನ ಜರಾ..." ಎನ್ನುತ್ತ ಕಮಲಾಬಾಯಿ ಕೈ ಎತ್ತಿದಳು. "ಹಾಂ. ಇವ್ರು ಈಗ ನಮ್ಮವ್ರು."

ಲಕ್ಷ್ಮಣ ತಿರುಗಿ ಕೂತ. ನಕ್ಕ. ಆಮೇಲೆ, "ಇಷ್ಟು ದಿನಾ ನಾ ಯಾರ ಹಿಂದ ಓಡಾಕತ್ತಿದ್ದೆ?" ಎಂದ.

ಆದರೆ ಶರಣಪ್ಪನ ಮುಖ ಗಂಟಾಯಿತು. "ಮತ್ತ ನಾ ಒಂದು ವರ್ಷ ಹೈರಾಣಾಗಿದ್ದು? ಎಲ್ಲಾರೂ ಹೊಗಳಿದ್ದು ಅದೇ ವೇಗಕ್ಕ. ಸುಳ್ಳೋ ಖರೇನೋ, ಈಗ ನನ್ನ ಕೈಯಾಗ ಅದು ಬಂದದ. ನಾ ಇಳಸೂದಿಲ್ಲ."

"ನೀ ಇಳಸಲಿಲ್ಲಂದ್ರ ನಾ ಹಾಡೂದಿಲ್ಲ" ಎಂದ ಲಕ್ಷ್ಮಣ.

ಚೌಕಾಸಿಗೆ ನಾನೇ ನಡುವೆ ಬರಬೇಕಾಯಿತು. ಇಬ್ಬರೂ ಹಟ ಹಿಡಿದಾಗ ಪೂರ್ತಿ ವ್ಯವಹಾರ ಕೇಳಬಾರದು, ಒಂದು ತುಣುಕು ಕೇಳಬೇಕು. "ಒಂದೇ ಹಾಡು, ಒಂದೇ ಸಲ, ಹಳೇ ಖರೇ ವೇಗದಾಗ. ಸೇರಲಿಲ್ಲಂದ್ರ ನಾ ಅಳಸಿಬಿಡ್ತೇನಿ" ಎಂದೆ. ಶರಣಪ್ಪ ಗೊಣಗುತ್ತ ಕೋಲು ಹಿಡಿದ. ಸಿದ್ಧಾರ್ಥ ತಂತಿ ಸಡಿಲಿಸಿದ. ಗಿಟಾರು ಉಸಿರು ಬಿಟ್ಟಂತಾಯಿತು.

ಲಕ್ಷ್ಮಣ ಕೂಗಿದ. ಒರಟು, ದಪ್ಪ, ಮರಳು ಅರೆದಂಥ ದನಿ. ಅದಕ್ಕಿಂತ ಹೆಚ್ಚಾಗಿ, ಮೊದಲ ಸಲ ಪದಗಳು ಕೇಳಿಸಿದವು. ಕ್ಯಾಸೆಟ್ಟಿನಲ್ಲಿ ಅವು ಯಾರಿಗೂ ಹಿಡಿಯುವಂತಿರಲಿಲ್ಲ.

"ಮನಿ ದೊಡ್ಡದು, ಮಾತು ದೊಡ್ಡದು,
ಕಪ್ಪು-ಬಸಿ ಹೊರಗಿನ ಮಾಡದಾಗ;
ಬಾ ಅಂತೀರಿ, ಕೂಡು ಅಂತೀರಿ,
ನಾ ಒಬ್ಬನ ಅಂಗಳದಾಗ."

ನಾಲ್ಕನೇ ಸಾಲಿಗೆ ಶರಣಪ್ಪನ ಕೈ ನಿಂತಿತು.

"ಯಾರ ಮನೀದು ಇದು?" ಎಂದ.

ಹಾಡು ಬರೆದವನು ಸಿದ್ಧಾರ್ಥ. ಅವನು ಗಿಟಾರಿನ ಮೇಲೆ ಕೈಯಿಟ್ಟು ಹೇಳಿದ: "ಹಾಸ್ಟೆಲ್ ಸೂಟಿಗೆ ನನ್ನ ಅತನೂರಿಗೆ ಕರಕೊಂಡು ಹೋಗಿದ್ದಿಲ್ಲೇನು? ನಿಮ್ಮ ಅಂಗಳದ ಗೋಡಿ ಮಾಡದಾಗ ನಮ್ಮಂಥವರಿಗಂತ ಬ್ಯಾರೆ ಒಂದು ಕಪ್ಪು-ಬಸಿ ಇತ್ತು. ನಾ ಅದರಾಗ ಚಹಾ ಕುಡಿದು, ತೊಳದು, ಅಲ್ಲೇ ಇಟ್ಟು ಬಂದೆ."

"ಈ ಹಾಡಿಗೆ ನಾನ ಡ್ರಮ್ ಬಾರಿಸೇನಿ!"

"ಹೌದಲೇ. ನೀ ಬಾರಿಸಾಕತ್ತೀ ಅಂತನ ನಾ ಬರದೆ. ಕೇಳಿರ್ತೀ ಅಂದ್ಕೊಂಡಿದ್ದೆ. ಏನೂ ಅನ್ನಲಿಲ್ಲ ನೀ."

"ನನಗ ಗದ್ದಲ ಒಂದ ಕೇಳಿಸ್ತಿತ್ತು" ಎಂದ ಶರಣಪ್ಪ.

ಕಮಲಾಬಾಯಿ ಎದ್ದು ಒಳಗೆ ಹೋದಳು. ನಾನು ಯಂತ್ರ ನಿಲ್ಲಿಸಲೋ ಬೇಡವೋ ತಿಳಿಯದೆ ಕೂತೆ. ಕಡೆಗೆ ಶರಣಪ್ಪ ಕೋಲು ಎತ್ತಿಕೊಂಡು ಲಕ್ಷ್ಮಣನ ಕಡೆ ನೋಡಿದ. "ಮೊದಲಿಂದ ಹಾಡು. ಇನ್ನ ಜರಾ ಸಾವಕಾಶ ಹಿಡೀತೇನಿ."

ಸಂಜೆಯೊಳಗೆ ಆ ಹಾಡು ಮುಗಿಯಿತು, ಇನ್ನೆರಡು ಕೂಡ. ಲಕ್ಷ್ಮಣ ಬಿಸಿನೀರು ಕುಡಿದು ಕುಡಿದು ಮತ್ತೆ ಎದ್ದು ನಿಲ್ಲುತ್ತಿದ್ದ, ನಾವೇ ಸಾಕೆನ್ನಬೇಕಾಯಿತು. ಉಳಿದದ್ದಕ್ಕೆ ಮುಂದಿನ ವಾರ ಬನ್ನಿ ಎಂದ. ನಾನು ಬಾಡಿಗೆಯ ಮಾತು ಎತ್ತಲಿಲ್ಲ. ಇದನ್ನು ಓದಿ ಬೇರೆ ಗಿರಾಕಿಗಳು ಆಸೆಪಡಬಾರದು.

ಜೇವರ್ಗಿಯ ಬಸ್ಸು ಬಂದಾಗ ಶರಣಪ್ಪ ಸಿದ್ಧಾರ್ಥನ ಕೈಯಿಂದ ಗಿಟಾರ್ ಚೀಲ ತೆಗೆದುಕೊಂಡ. "ಬಸ್ ಯಾಕೋ? ಟೆಂಪೋ ಅದ. ಅತನೂರಿಗೆ ನಡಿ. ಒಳಗ ಬಂದು ಉಂಡು ಹೋಗು."

ಸಿದ್ಧಾರ್ಥ ಚೀಲವನ್ನು ಮೆಲ್ಲಗೆ ವಾಪಸು ಪಡೆದ. "ಇವತ್ತು ಬ್ಯಾಡ. ಆಲ್ಬಮ್ ಬರ್ಲಿ. ನಿಮ್ಮ ಪಡಸಾಲ್ಯಾಗ ಎಲ್ಲಾರನೂ ಕುಂದ್ರಿಸಿ ಆ ಹಾಡು ಹಚ್ಚು. ಪೂರಾ ಕೇಳ್ಲಿ. ಆಮ್ಯಾಲೂ ಕರೀಬೇಕನಿಸಿದ್ರ ಕರಿ. ಬರ್ತೇನಿ."

ಶರಣಪ್ಪ ಟೆಂಪೋ ಕಡೆ ನಡೆದ. ನಾವು ಬಸ್ಸು ಹತ್ತಿ ಹಿಂದಿನ ಸೀಟು ಹಿಡಿದೆವು. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದೆ. ಡ್ರಮ್ಮು ಹೇರಿಕೊಂಡ ಟೆಂಪೋ ನಮ್ಮ ಹಿಂದೆಯೇ ಬರುತ್ತಿತ್ತು. ರಸ್ತೆ ಖಾಲಿ ಇತ್ತು, ನಮ್ಮ ಬಸ್ಸು ಊರೂರಿಗೂ ನಿಲ್ಲುತ್ತಿತ್ತು. ಬಸ್ಸು ನಿಂತಲ್ಲೆಲ್ಲ ಟೆಂಪೋ ಹಿಂದೆ ನಿಲ್ಲುತ್ತಿತ್ತು. ಜೇವರ್ಗಿಯ ತನಕವೂ ಅದು ನಮ್ಮನ್ನು ದಾಟಿ ಮುಂದೆ ಹೋಗಲಿಲ್ಲ.