ಹಡೆಯದೆ ಬಾಣಂತನ

ತೋಳು ಗೀರಿದರೂ ಅಳದ ಕೂಸನ್ನು ನಾನು ನೋಡಿದ್ದು ಕಮಲಾಪುರದಲ್ಲಿ ಮಾತ್ರ. ಆಗ ನಾನು ಕಲಬುರಗಿಯಿಂದ ಊರೂರಿಗೆ ಬಂಡಿಯಲ್ಲಿ ಹೋಗಿ ಮಕ್ಕಳಿಗೆ ದೇವಿ ಹಾಕುತ್ತಿದ್ದೆ. ಅಂದರೆ ಸಿಡುಬು ಬಾರದಂತೆ ತೋಳು ಗೀರಿ ಲಸಿಕೆ ಹಾಕುವ ಸರಕಾರಿ ಕೆಲಸ. ವರ್ಷ ತುಂಬುತ್ತಿದ್ದ ಆ ಕೂಸಿಗೆ ಅಳುವೂ ಇಲ್ಲ, ನಗುವೂ ಇಲ್ಲ, ತೊದಲೂ ಇಲ್ಲ. ಅದರ ತಾಯಿ ನೀಲಮ್ಮನೂ ಗೋಡೆ ನೋಡುತ್ತ ಕುಳಿತಿದ್ದಳು.

"ಕೂಸಿಗಿ ದೃಷ್ಟಿ ಆಗ್ಯಾದ, ದರ್ಗಾದ ತಾಯತ ಕಟ್ಟಸ್ರಿ" ಎಂದಳು ನೆರೆಯವಳು.

ನೀಲಮ್ಮನ ಅತ್ತೆ ಗುರಮ್ಮನವರು ಒಪ್ಪಲಿಲ್ಲ. "ಬ್ಯಾನಿ ಕೂಸಿಗಲ್ಲ, ತಾಯಿಗಿ. ಬಸುರಿದ್ದಾಗ ಇಕಿ ಅವ್ವ ಪ್ಲೇಗಿನ್ಯಾಗ ತೀರಿಕೊಂಡ್ಳು. ಬಾಣಂತನ ಮಾಡವ್ರೇ ಇರಲಿಲ್ಲ. ಈಗ ನಾ ಮಾಡ್ತೇನಿ."

ಚೊಚ್ಚಲ ಬಾಣಂತನ ತವರಿನದು ಎಂಬುದು ನಮ್ಮ ಕಡೆಯ ರೂಢಿ. ಓದುವವರಿಗೆ ಗೊತ್ತಿರಬಹುದು, ಆದರೂ ಹೇಳಿಬಿಟ್ಟೆ.

"ಕೂಸು ವರ್ಷದ್ದಾತು! ಹಡೀದೇ ಬಾಣಂತನ ಏನವಾ?" ನೆರೆಯವಳು ಕಿಸಕ್ಕನೆ ನಕ್ಕಳು.

"ನಗು. ಇಕಿ ನಗೂತನ ನೀನೇ ನಗು."

ಆಮೇಲೆ ತಿಳಿದದ್ದು: ಗುರಮ್ಮನವರು ಅಂದೇ ಬಾಣಂತಿಯ ಮಂಚವಾದ ಹೊರಸು ಹಾಕಿದರು, ಕೆಳಗೆ ಕೆಂಡ ಇಟ್ಟರು. ಸೊಸೆಯ ತಲೆಗೆ ಎಣ್ಣೆ ಹಾಕಿ, ಹಸಿ ಬಾಣಂತಿಗೆ ಎರೆಯುವಂತೆಯೇ ಬಿಸಿನೀರು ಎರೆದರು. ಬಾಣಂತಿಯರಿಗೆ ಕಟ್ಟುವ ಅಂಟಿನುಂಡಿ ತಾವೇ ತಿನ್ನಿಸಿದರು. ನೀಲಮ್ಮ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗುರಮ್ಮನವರು ತಡೆಯಲಿಲ್ಲ.

ಮಳೆಗಾಲ ಕಳೆದು ಮತ್ತೆ ಆ ಊರಿಗೆ ಹೋದೆ. ತಾಯಿಯ ತೊಡೆಯ ಮೇಲೆ ಏನೋ ತೊದಲುತ್ತಿದ್ದ ಕೂಸು ನನ್ನ ಲಸಿಕೆಯ ಪೆಟ್ಟಿಗೆ ಕಂಡದ್ದೇ ಕಿರುಚಿ ಅತ್ತಿತು, ಎತ್ತಿಕೊಳ್ಳಲು ಹೋದರೆ ಬೆರಳು ಕಚ್ಚಿತು.

"ಗುರ್ತು ಹಿಡದಾಳ್ರಿ ಸಾಹೇಬ್ರ!" ನೀಲಮ್ಮ ನಕ್ಕಳು.

ನನ್ನನ್ನು ಕಂಡು ಮಕ್ಕಳು ಅಳುವುದು ಹೊಸದಲ್ಲ. ಆ ಅಳು ಕೇಳಿ ನಾನು ಒಬ್ಬ ಅತ್ತೆಗೆ ಕೈಮುಗಿದದ್ದು ಮಾತ್ರ ಅದೊಂದೇ ಸಲ.