ಅಕ್ಕ ಬಿಟ್ಟುಕೊಟ್ಟ ಪಾತ್ರ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಳ್ಳಾರಿಯ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸಂಜೆ ಕೆಲಸ ಮುಗಿಸಿ ಸೈಕಲ್ಲು ಹತ್ತಿದರೆ ನೇರ ಸತ್ಯನಾರಾಯಣಪೇಟೆಯ ಶಾಲೆಗೆ. ಅಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ನಾವು ಹತ್ತು ಮಂದಿ ನಾಟಕದ ತಾಲೀಮು ಮಾಡುತ್ತಿದ್ದೆವು. ನಾಟಕ ಬರೆದು ಆಡಿಸುತ್ತಿದ್ದವರು ಅದೇ ಶಾಲೆಯ ಕನ್ನಡ ಮೇಷ್ಟ್ರು. ಉಳಿದವರೆಲ್ಲ ನನ್ನ ಹಾಗೆ ನೌಕರಿಯವರು, ಅಂಗಡಿಯವರು. ಹವ್ಯಾಸಕ್ಕೆ ಬಣ್ಣ ಹಚ್ಚುವವರು.

ಒಬ್ಬರು ಮಾತ್ರ ಹಾಗಲ್ಲ. ತಾಯಿಯ ಪಾತ್ರ ಮಾಡುತ್ತಿದ್ದ ಅಕ್ಕ ಸಿರುಗುಪ್ಪದವರು, ಚಿಕ್ಕಂದಿನಿಂದ ಕಂಪನಿ ನಾಟಕಗಳಲ್ಲಿ ದುಡಿದವರು. ಆಗ ಮನೆಯ ಹೆಣ್ಣುಮಕ್ಕಳನ್ನು ರಂಗಕ್ಕೆ ಕಳಿಸುವವರು ಕಡಿಮೆ. ಹಾಗಾಗಿ ಸಂಭಾವನೆ ಕೊಟ್ಟು ಅವರನ್ನು ಕರೆಸುತ್ತಿದ್ದೆವು. ನಾಲ್ಕು ವರ್ಷ ನಾನು ಅವರ ಮಗನಾಗಿ ಆಡಿದ್ದೆ. ಜೈಲಿನಿಂದ ಬಂದ ಮಗ ಬಾಗಿಲಲ್ಲಿ ನಿಂತು ನೀರು ಕೇಳುತ್ತಾನೆ. ತಾಯಿ ಚೊಂಬು ತಂದು, ಅವನ ಕೈಗೆ ಕೊಡದೆ, ಹೊಸ್ತಿಲ ಮೇಲಿಟ್ಟು ಒಳಗೆ ಹೋಗುತ್ತಾಳೆ. ಅಷ್ಟೇ ದೃಶ್ಯ. ಅವರು ಚೊಂಬಿನಿಂದ ಕೈ ತೆಗೆಯುವಷ್ಟು ಹೊತ್ತು ಸಭೆಯಲ್ಲಿ ಒಂದು ಕೆಮ್ಮೂ ಕೇಳಿಸುತ್ತಿರಲಿಲ್ಲ.

ಆ ವರ್ಷ ಧಾರವಾಡದ ನಾಟಕೋತ್ಸವವೊಂದಕ್ಕೆ ನಮ್ಮ ತಂಡ ಆಯ್ಕೆಯಾಯಿತು. ಜಿಲ್ಲೆ ದಾಟಿ ಆಡುವುದು ಅದೇ ಮೊದಲು. ಟ್ರಂಕು, ಪರದೆ, ರೈಲು ಎಂದು ಓಡಾಡುತ್ತಿದ್ದಾಗ ಇನ್ನೊಂದು ಕಾಗದ ಬಂತು. ಉತ್ಸವ ಹವ್ಯಾಸಿಗಳದ್ದು, ವೃತ್ತಿ ಕಲಾವಿದರು ಯಾರೂ ರಂಗದ ಮೇಲೆ ಬರಕೂಡದು. ಮೇಷ್ಟ್ರು ಅದನ್ನು ಎರಡು ಸಲ ಓದಿ, "ಏನ್ ಮಾಡೂಣು, ಹೇಳ್ರಿ" ಎಂದರು. ಹೋಗುವುದು ಬೇಡ ಎಂದವರು ಒಬ್ಬರೂ ಇಲ್ಲ. ನಾನೂ ಅನ್ನಲಿಲ್ಲ. ಕುರುಗೋಡಿನಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದ ಮೇಷ್ಟ್ರ ತಂಗಿಗೆ ಆ ಪಾತ್ರ ಕೊಡುವುದೆಂದು ತೀರ್ಮಾನವಾಯಿತು. ಅಕ್ಕನಿಗೆ ಸುದ್ದಿ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. "ನೀ ಆಕಿ ಮಗ ಅಲ್ಲೇನಪಾ" ಎಂದರು ಯಾರೋ.

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಅಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಹೇಳಿದೆ: "ಧಾರವಾಡ ದೂರ ಆಗತೈತಿ ಅಕ್ಕಾ. ನಿಮಗ ಮೊಣಕಾಲ ನೋವು ಬ್ಯಾರೆ. ತ್ರಾಸ ಆಗತೈತಿ ಅಂತ ಮೇಷ್ಟ್ರು..."

ಅವರು ಮೊರ ಕೆಳಗಿಟ್ಟರು. "ಸ್ಟೇಜಿನ ಮ್ಯಾಲ ನೀ ಸುಳ್ಳು ಹೇಳಿದ್ರ ಖರೇ ಅನಸತೈತಿ ತಮ್ಮಾ. ಇಲ್ಲಿ ಅನಸವಲ್ದು. ಏನಾಗೇತಿ ಹೇಳು."

ಜೇಬಿನಲ್ಲಿದ್ದ ಕಾಗದ ಕೊಟ್ಟೆ. ಕಂಪನಿಯಲ್ಲಿ ಮಾತು ಬಾಯಿಪಾಠ ಮಾಡುತ್ತಲೇ ಓದಲು ಕಲಿತವರು ಅವರು. ಸಾಲಿಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಮಡಚಿ ಕೈಗೆ ಕೊಟ್ಟು, "ರೊಕ್ಕ ತಗೊಂಡು ಆಡಾಕಿ, ಅದಕ್ಕ ಬ್ಯಾಡ" ಎಂದರು.

ಮತ್ತೆ ಮೊರ ಎತ್ತಿಕೊಂಡು, "ಯಾರು ಮಾಡ್ತಾರ ಈಗ?" ಎಂದು ಕೇಳಿದರು. ಟೀಚರ ವಿಷಯ ಹೇಳಿದೆ.

"ಆಕಿಗೆ ಮಕ್ಕಳು ಅದಾವೇನು?"

"ಎರಡು ಅದಾವ."

"ಹಂಗಾರ ಕಲೀತಾಳ. ಮುಂದಿನ ಐತವಾರ ಕುರುಗೋಡಿಗೆ ಬರ್ತೀನಿ. ನೀನೂ ಬಾ. ಮಗ ಇಲ್ದ ಕಲಿಸಾಕ ಬರಂಗಿಲ್ಲ."

ಮೂರು ಭಾನುವಾರ ಅವರು ಬಂದರು. ಕಂಪನಿಯ ನಟಿ ಮನೆಯೊಳಗೆ ಬರುವುದು ಟೀಚರ ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಶಾಲೆಯ ಒಂದು ಕೋಣೆಯಲ್ಲಿ ತಾಲೀಮು ನಡೆಯಿತು. ಮೊದಲ ದಿನ ನಾನು ನೀರು ಕೇಳಿದ ಕೂಡಲೇ ಟೀಚರು ಅತ್ತುಬಿಟ್ಟರು.

"ಅಳಬ್ಯಾಡ್ರಿ" ಎಂದರು ಅಕ್ಕ. "ನೀವ ಅತ್ರ ಕುಂತ ಮಂದಿಗೆ ಅಳಾಕ ಏನ್ ಉಳೀತು? ಕೈಯಷ್ಟ ತಗೀರಿ. ತಗಿಯಾಕ ಮನಸಿಲ್ಲ ಅನ್ನೂದು ಬೆರಳಿನಾಗ ಕಾಣಬೇಕು."

ಟೀಚರ ಮಣಿಕಟ್ಟು ಹಿಡಿದು ಮತ್ತೆ ಮತ್ತೆ ಮಾಡಿಸಿದರು. ನಾಲ್ಕು ವರ್ಷ ಜೊತೆಗೆ ಆಡಿದ್ದರೂ, ಅವರು ಆ ಕ್ಷಣವನ್ನು ಹೇಗೆ ಕಟ್ಟುತ್ತಿದ್ದರೆಂದು ನಾನು ಅಂದೇ ಕಂಡದ್ದು.

ಮೂರನೆಯ ಭಾನುವಾರ ಟೀಚರ ಅತ್ತೆ ಕೋಣೆಯ ಬಾಗಿಲಿಗೆ ಬಂದು ನಿಂತು ಇಡೀ ದೃಶ್ಯ ನೋಡಿದರು. ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು, "ಮನಿಗೆ ಬಂದು ಉಂಡು ಹೋಗ್ರಿ" ಎಂದರು. ಅಕ್ಕ ಕೈಮುಗಿದರು. "ಬಸ್ಸಿನ ಹೊತ್ತಾತು ತಾಯಿ." ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಆ ತಾಸನ್ನು ನಾವಿಬ್ಬರೂ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಕಳೆದೆವು. ತಪ್ಪಾಯಿತು ಅಕ್ಕಾ ಎನ್ನಬೇಕೆಂದುಕೊಂಡೆ. ಅದರ ಬದಲು ಎದ್ದು ಹೋಗಿ ಇಬ್ಬರಿಗೂ ಚಹಾ ತಂದೆ.

ಧಾರವಾಡದಲ್ಲಿ ನಾಟಕ ಚೆನ್ನಾಗಿಯೇ ಆಯಿತು. ಟೀಚರು ಅಕ್ಕನಿಗಿಂತ ಬೇಗ ಕೈ ತೆಗೆದರು, ಆದರೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ನಿಂತರು. ಯಾರೂ ಹೇಳಿಕೊಟ್ಟದ್ದಲ್ಲ ಅದು. ಆಮೇಲೆ ತೀರ್ಪುಗಾರರೊಬ್ಬರು ಬಣ್ಣದ ಕೋಣೆಗೆ ಬಂದು, ಈ ಅಭಿನಯ ಎಲ್ಲಿ ಕಲಿತಿರಿ ಎಂದು ವಿಚಾರಿಸಿದರು. ಮೇಷ್ಟ್ರು ಹಿಂದಿನಿಂದ ಬೇಡವೆಂದು ತಲೆ ಅಲ್ಲಾಡಿಸಿದರು. ಟೀಚರು ಅಣ್ಣನ ಕಡೆ ನೋಡಿಯೂ, "ಸಿರುಗುಪ್ಪದಾಗ ಒಬ್ರು ಅಕ್ಕ ಅದಾರ್ರಿ. ಕಂಪನಿ ನಾಟಕದವ್ರು. ಈ ಪಾರ್ಟು ಅವ್ರದು, ಅವ್ರ ಕಲಿಸ್ಯಾರ" ಎಂದರು. ನಮಗೆ ಬಹುಮಾನ ಬರಲಿಲ್ಲ. ಅದಕ್ಕೇ ಬರಲಿಲ್ಲವೋ, ಬೇರೆ ತಂಡಗಳು ನಮಗಿಂತ ಚೆನ್ನಾಗಿ ಆಡಿದ್ದವೋ, ಗೊತ್ತಿಲ್ಲ.

ಮರುವರ್ಷ ಬಳ್ಳಾರಿಯಲ್ಲಿ ಅದೇ ನಾಟಕ ಆಡುವಾಗ ತಾಯಿಯ ಪಾತ್ರಕ್ಕೆ ಅಕ್ಕನನ್ನೇ ಕರೆದೆವು. "ಅದು ಈಗ ಆಕೀ ಪಾರ್ಟು. ಬ್ಯಾರೆ ಏನರ ಇದ್ರ ಕೊಡ್ರಿ" ಎಂದರು. ನಾಲ್ಕೇ ಮಾತಿರುವ ಪಕ್ಕದ ಮನೆಯ ಹೆಂಗಸಾಗಿ ಎರಡು ವರ್ಷ ಆಡಿದರು. ತಾಲೀಮಿಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು.

ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಂದ ಅಕ್ಕನಿಗೆ ಒಂದು ಕಾಗದ ಬರೆದೆ. ಉತ್ಸವದ ಕಾಗದ ಬಂದ ದಿನ ಮಾತಾಡದೆ ಕೂತದ್ದು ತಪ್ಪು ಎಂದು ಬರೆಯಲು ನಾಲ್ಕು ಹಾಳೆ ಹರಿದೆ. ತಿಂಗಳ ಮೇಲೆ ಉತ್ತರ ಬಂತು. ಕ್ಷಮೆಯ ಮಾತು ಅದರಲ್ಲಿ ಇರಲಿಲ್ಲ. ಆ ಊರಿನ ನೀರು ಒಗ್ಗಿದೆಯೇ, ಅಲ್ಲಿ ನಾಟಕ ಆಡುವವರು ಯಾರಾದರೂ ಇದ್ದಾರೆಯೇ, ಇದ್ದರೆ ಹೋಗಿ ಸೇರಿಕೋ ಎಂದು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು.