ಎರಡೂ ಎಡತೋಳಿನ ಜಂಪರು

ಸುಮ್ಮನೆ ಕೂರುವುದು ನನಗೆ ಬರುತ್ತಿರಲಿಲ್ಲ. ಇದನ್ನು ಎಷ್ಟೋ ವರ್ಷ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಈಗ ತಪ್ಪೊಪ್ಪಿಗೆಯ ಹಾಗೆ ಹೇಳುತ್ತಿದ್ದೇನೆ. ಕೊಟ್ಟೂರಿನ ಬಜಾರಿನಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಬೋರ್ಡಿನ ಮೇಲೆ ಬ್ಲೌಸ್ ಎಂದು ಬರೆಸಿದ್ದೇನೆ, ಬಂದವರೆಲ್ಲ ಕೇಳುವುದು ಮಾತ್ರ ಜಂಪರನ್ನೇ. ಬೆಳಗ್ಗೆ ಮಷೀನಿನ ಮುಂದೆ ಕೂತರೆ ಊಟವೂ ಅಲ್ಲೇ. ಕೈಯಲ್ಲಿ ರೊಟ್ಟಿ, ಕಾಲು ಪೆಡಲಿನ ಮೇಲೆ. ಮದುವೆಗಳ ಕಾಲ ಬಂತೆಂದರೆ ನನ್ನ ಗಂಡ ಮಗಳಿಗೆ, "ನಿಮ್ಮವ್ವನ್ನ ನೋಡ್ಬೇಕಂದ್ರ ಒಂದು ಜಂಪರ್ ಪೀಸ್ ತಗೊಂಡು ಅಂಗಡಿಗೆ ಹೋಗು" ಎನ್ನುತ್ತಿದ್ದರು. ಅದನ್ನೂ ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ತಪ್ಪು ಪೂರ್ತಿ ನನ್ನದಲ್ಲ, ಗಾದೆಗಳ ಪಾಲೂ ಇದೆ. ಕೈ ಕೆಸರಾದರೆ ಬಾಯಿ ಮೊಸರು ಎಂದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದರು. ದುಡಿಮೆಯ ಪರವಾಗಿ ಇಷ್ಟು ಸಾಕ್ಷಿಗಳಿರುವಾಗ ನಿದ್ದೆಯ ಪರವಾಗಿ ಹುಡುಕಿದರೆ ನನಗೆ ಸಿಕ್ಕಿದ್ದು ಒಂದೇ: ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಅದರಲ್ಲೂ ಮೆಚ್ಚುಗೆ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಎಂದು ಹೇಳುವುದು ಕಷ್ಟ. ಸುಖವಾಗಿ ಮಲಗಿದವರು ಗಾದೆ ಕಟ್ಟುವ ಗೋಜಿಗೆ ಹೋಗಲಿಲ್ಲವೇನೋ.

ಎರಡು ವರ್ಷದ ಹಿಂದೆ ಹಗರಿಬೊಮ್ಮನಹಳ್ಳಿಯಿಂದ ಗಿರಿಜಕ್ಕ ಬಂದರು. ಅವರು ನರ್ಸು, ನನ್ನ ಹಳೆಯ ಗಿರಾಕಿ. ಮಗಳ ಮದುವೆ ಗೊತ್ತಾಗಿತ್ತು. ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಖಣವನ್ನು ಚೀಲದಿಂದ ತೆಗೆದರು. ಖಣವೆಂದರೆ ಗೊತ್ತಲ್ಲ, ಎರಡೂ ಕಡೆ ಅಂಚಿಟ್ಟು ಒಂದು ಜಂಪರಿಗೆ ಆಗುವಷ್ಟೇ ನೇಯ್ದ ಬಟ್ಟೆ. ಇದು ಕಡುಹಸಿರು, ಕೆಂಪು ಅಂಚು.

"ನಮ್ಮವ್ವನ ಮದುವಿಗೆ ತವರಿನವ್ರು ಕೊಟ್ಟಿದ್ದು. ಇಷ್ಟು ವರ್ಷ ಹೊಲಿಸೇ ಇಲ್ಲ. ಮೊಮ್ಮಗಳು ಇದನ್ನ ಹಾಕ್ಕೊಂಡು ಮದುವಿಗೆ ನಿಂದ್ರಬೇಕು ಅಂತ ಮುದುಕಿ ಹಟ. ಜ್ವಾಕಿ ಅವ್ವ, ಇಂಥದ್ದು ಮತ್ತ ಸಿಗಂಗಿಲ್ಲ" ಎಂದರು.

ಒಂದು ವಾರ ಅದನ್ನು ಮುಟ್ಟಲು ಧೈರ್ಯವಾಗಲಿಲ್ಲ. ಕೊನೆಗೆ ಒಂದು ಸೋಮವಾರ ಬೆಳಗ್ಗೆ ಹಾಸಿ ಕತ್ತರಿ ಆಡಿಸಿದೆ. ಅಷ್ಟರಲ್ಲಿ ಒಂದು ದಿನವೂ ಬಿಡದೆ ದುಡಿದು ಎಷ್ಟು ವಾರವಾಗಿತ್ತೋ ನನಗೇ ನೆನಪಿರಲಿಲ್ಲ. ತೋಳಿನ ತುದಿಗೆ ಅಂಚು ಬರಬೇಕಾದರೆ ಎರಡು ತೋಳನ್ನೂ ಬೇರೆ ಬೇರೆ ಕತ್ತರಿಸಬೇಕು. ತೋಳಿನ ಮುಂಭಾಗವನ್ನು ಸ್ವಲ್ಪ ಹೆಚ್ಚು ಕೊರೆಯುತ್ತೇವೆ. ಒಂದನ್ನು ಎಡಕ್ಕೆ ಕೊರೆದರೆ ಇನ್ನೊಂದನ್ನು ಬಲಕ್ಕೆ. ಕಲಿಯಲು ಬರುವ ಹುಡುಗಿಯರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ಜೋಡಿಸಲು ಹೋದಾಗ ತಿಳಿಯಿತು, ನಾನು ಎರಡೂ ಎಡತೋಳನ್ನೇ ಕತ್ತರಿಸಿದ್ದೆ. ದೇವರು ಯಾರಿಗೂ ಎರಡು ಎಡಗೈ ಕೊಟ್ಟಿಲ್ಲ. ಮಗುಚಿ ಹಾಕೋಣವೆಂದರೆ ಖಣದ ಒಳಮೈ ಬೇರೆ, ಹೊರಮೈ ಬೇರೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಮಾವ ಬಂದರು. ಅವರದು ತೆಲಿಗಿಯಲ್ಲಿ ಬೇಸಾಯ. ಊರಿಗೆಲ್ಲ ಟ್ರ್ಯಾಕ್ಟರ್ ಬಂದರೂ ಒಂದು ಜೋಡಿ ಎತ್ತು ಇಟ್ಟುಕೊಂಡಿದ್ದಾರೆ. ಸೋಮವಾರ ಬಸವಣ್ಣನ ವಾರ. ಭೂಮಿ ಹದವಾಗಿ ಬಿತ್ತನೆಗೆ ಕರೆಯುತ್ತಿದ್ದರೂ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆಫೀಸುಗಳಿಗೆ ಭಾನುವಾರದ ವಿಚಾರ ಹೊಳೆಯುವ ಎಷ್ಟೋ ಮೊದಲೇ ನಮ್ಮ ಕಡೆಯ ಎತ್ತುಗಳಿಗೆ ವಾರದ ರಜೆ ಮಂಜೂರಾಗಿತ್ತು. ಎತ್ತಿಗೆ ಬಿಡುವಾದರೆ ಮಾವನಿಗೂ ಬಿಡುವು. ಬಸ್ಸು ಹತ್ತಿ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ.

"ಏನಾತವ್ವ?" ಎಂದರು. ನಾನು ಎರಡು ತೋಳನ್ನೂ ಎತ್ತಿ ತೋರಿಸಿ ಅತ್ತೇಬಿಟ್ಟೆ.

"ಇವತ್ತು ಯಾವ ವಾರ?"

"ಸೋಮವಾರ, ಮಾವ."

"ನನ್ನ ಎತ್ತು ಮಲಗಿ ಮೆಲುಕು ಹಾಕಾಕ ಹತ್ಯಾವ. ನಿನ್ನ ಹೆಗಲಿಗೆ ನೊಗ ಇಟ್ಟೋರು ಯಾರು?"

"ಕೆಲಸ ಭಾಳ ಐತ್ರಿ."

"ದಣಿದ ಎತ್ತು ಸಾಲು ಡೊಂಕು ಹೊಡಿತೈತಿ. ಆ ಸಾಲು ಮತ್ತ ಹೊಸದಾಗಿ ಹೊಡಿಬೇಕು. ಇದ್ರಾಗ ಉಳಿದಿದ್ದೇನು? ಕತ್ತರಿ ಇಡು. ಮಲಗು."

ಮಾವನ ಎದುರು ಸೊಸೆ ಹಾಡಹಗಲೇ ಮಲಗುವುದೇ? ನನ್ನ ಸಂಕೋಚ ಅವರಿಗೆ ಅರ್ಥವಾಯಿತು. ಬೆಂಚನ್ನು ಬೀದಿಯ ಕಡೆಗೆ ತಿರುಗಿಸಿ, ನನಗೆ ಬೆನ್ನು ಮಾಡಿ ಬಾಗಿಲಲ್ಲಿ ಕೂತರು. ಮಷೀನಿನ ಹಿಂದೆ ನೆಲದ ಮೇಲೆ, ಬಟ್ಟೆಗಂಟಿನ ಮೇಲೆ ತಲೆಯಿಟ್ಟೆ. ಕಣ್ಣು ಮುಚ್ಚುವ ಮೊದಲು ಕೇಳಿದ್ದು ಅವರ ದನಿ: "ಹೊಲಿಯೋರು ಮಲಗ್ಯಾರ. ನಾಳಿ ಬರ್ರಿ." ನನ್ನ ನಿದ್ದೆಯನ್ನು ಒಬ್ಬರು ಕಾವಲು ಕಾದದ್ದು ಅಪ್ಪ ಹೋದ ಮೇಲೆ ಅದೇ ಮೊದಲು.

ಎದ್ದಾಗ ನಾಲ್ಕು ಗಂಟೆ. ಚಹಾ ಕುಡಿದು ಅದೇ ತುಂಡುಗಳನ್ನು ಮತ್ತೆ ನೋಡಿದೆ. ಕುತ್ತಿಗೆ ಕತ್ತರಿಸಿ ಉಳಿದ ಚೂರು ಬೆಳಗ್ಗೆಯೂ ಅಲ್ಲೇ ಬಿದ್ದಿತ್ತು, ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಅದರಲ್ಲಿ ಎರಡು ಸಣ್ಣ ಚೌಕ ತೆಗೆದು ಎರಡೂ ಕಂಕುಳಲ್ಲಿ ಕೂರಿಸಿ, ತೋಳನ್ನು ತಿದ್ದಿಕೊಂಡರೆ ಜಂಪರು ನಿಲ್ಲುತ್ತದೆ. ಒಂದೂವರೆ ತಾಸಿನಲ್ಲಿ ನಿಂತಿತು ಕೂಡ.

ಅಂದಿನಿಂದ ಸೋಮವಾರ ಅಂಗಡಿ ಮುಚ್ಚುತ್ತೇನೆ. ಉಳಿದ ದಿನ ಮಧ್ಯಾಹ್ನ ಒಂದು ತಾಸು ಮಲಗುತ್ತೇನೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಕೆಲಸ ಹಿಂದೆ ಬೀಳುತ್ತದೆಂದು ಹೆದರಿದ್ದೆ. ಬೀಳಲಿಲ್ಲ, ವಾರಕ್ಕೆ ಮೊದಲಿಗಿಂತ ನಾಲ್ಕು ಜಂಪರು ಹೆಚ್ಚೇ ಇಳಿಯತೊಡಗಿದವು. ಮ್ಯಾಜಿಕ್ಕೇನಿಲ್ಲ. ಮೊದಲು ನಾನು ಹೊಲಿಯುತ್ತಿದ್ದುದು ಅರ್ಧ ದಿನ, ಹೊಲಿದದ್ದನ್ನು ಬಿಚ್ಚುತ್ತಿದ್ದುದು ಇನ್ನರ್ಧ ದಿನ. ಎರಡನ್ನೂ ಸೇರಿಸಿ ದುಡಿಮೆ ಎಂದು ಕರೆದು ಬೀಗುತ್ತಿದ್ದೆ.

ತೋಳು ತಿದ್ದಿದ ಮುಂದಿನ ಸೋಮವಾರ ಆ ಜಂಪರನ್ನು ನಾನೇ ಹಗರಿಬೊಮ್ಮನಹಳ್ಳಿಗೆ ಒಯ್ದೆ. ತಪ್ಪನ್ನು ಮುಚ್ಚಿಟ್ಟು ಕಳಿಸಲು ಮನಸ್ಸಾಗಲಿಲ್ಲ. ಗಿರಿಜಕ್ಕ ಡ್ಯೂಟಿಗೆ ಹೋಗಿದ್ದರು. ಪಡಸಾಲೆಯಲ್ಲಿ ಅವರ ತಾಯಿ ಒಬ್ಬರೇ ಇದ್ದರು. ಕಣ್ಣು ಮಂಜಾಗಿತ್ತು. ಜಂಪರನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದಲೇ ನೋಡಿದರು. ಬೆರಳು ಕಂಕುಳಿಗೆ ಬಂದು ನಿಂತಿತು.

"ಇದೇನವ್ವ ಇಲ್ಲಿ?"

"ತಪ್ಪು ಕತ್ತರಿಸಿದೆ ಅಜ್ಜಿ. ತ್ಯಾಪಿ ಹಾಕೀನಿ."

ಅಜ್ಜಿ ಬಾಯಿ ತುಂಬ ನಕ್ಕರು. "ನಮ್ಮ ಕಾಲದಾಗ ಎಲ್ಲಾ ಕುಪ್ಪಸಕ್ಕೂ ಹಿಂಗ ಇಡ್ತಿದ್ರು. ಕೈ ಎತ್ತಿ ದುಡಿಬೇಕಲ್ಲ!"

ನನಗೆ ಹೋದ ಜೀವ ಬಂದಂತಾಯಿತು. ಆ ಸಲುಗೆಯಲ್ಲೇ ಕೇಳಿದೆ, "ಇಷ್ಟು ಚೆಂದನ ಖಣ, ನೀವ್ಯಾಕ ಹೊಲಿಸ್ಕೊಳ್ಳಲಿಲ್ಲ?" ಹಾಳಾದೀತೆಂಬ ಪ್ರೀತಿಯಿಂದ ಕಾದಿಟ್ಟಿದ್ದರು ಎಂದುಕೊಂಡಿದ್ದೆ.

"ಪುರುಸೊತ್ತು ಸಿಗಲಿಲ್ಲವ್ವ. ಅಳತಿ ಕೊಡಾಕ ಹೋಗ್ಬೇಕು, ಹೋಗ್ಬೇಕು ಅನ್ಕೊಂತಿದ್ದೆ. ಒಂದಿನ ಕಳಿ ತೆಗಿಯೋದು, ಒಂದಿನ ರಾಶಿ, ಒಂದಿನ ಬಾಣಂತನ. ಆಮ್ಯಾಲ ಮೈ ಇಳೀತು, ಕಣ್ಣು ಮಂಜಾತು."

ಬಸ್ಸು ತಪ್ಪಿತು ಎನ್ನುವಷ್ಟು ಸಲೀಸಾಗಿ ಹೇಳಿದರು. ದೂರಿನ ಸುಳಿವೂ ಇರಲಿಲ್ಲ. ನಾನು ಚೀಲದಿಂದ ಅಳತೆಯ ಟೇಪು ತೆಗೆದೆ.

"ಎದ್ದು ನಿಂದರ್ರಿ ಅಜ್ಜಿ."

"ನನಗ್ಯಾಕ ತಂಗಿ?"

"ಅಳತಿ ಕೊಡ್ರಿ. ಮೊಮ್ಮಗಳ ಮದುವಿಗೆ ನಿಮಗೂ ಒಂದು ಹೊಸ ಜಂಪರ್ ಬೇಕಲ್ಲ."

ಅಜ್ಜಿ ಗೋಡೆ ಹಿಡಿದು ಎದ್ದರು, ಸೆರಗು ಸರಿಮಾಡಿಕೊಂಡು ಎರಡೂ ಕೈ ಅಗಲಿಸಿ ನಿಂತರು. ಅಳತೆ ತೆಗೆಯಲು ಐದು ನಿಮಿಷ ಸಾಕು. ಅವತ್ತು ನಾನು ಇಡೀ ಮಧ್ಯಾಹ್ನ ತೆಗೆದುಕೊಂಡೆ.